ಒಂದು ಧ್ವಜ, ಮೂರು ಕಥೆ: ಯಕ್ಷಗಾನ ಪ್ರಸಂಗಗಳಲ್ಲಿ ಕಥಾಸಂಗಮ ಮತ್ತು ಕಲ್ಪಭೇದ

ಅರ್ಜುನನ ರಥಧ್ವಜದಲ್ಲಿ ಹನುಮಂತನು ನೆಲೆಸಿದುದು ಹೇಗೆ ಎಂಬ ಪ್ರಶ್ನೆಗೆ ಭಾರತ ಕಥಾಪರಂಪರೆಯು ಒಂದೇ ಉತ್ತರವನ್ನು ನೀಡುವುದಿಲ್ಲ. ವ್ಯಾಸಭಾರತದ ಆದಿಪರ್ವದಲ್ಲಿ ಖಾಂಡವದಹನಕ್ಕೆ ಮುನ್ನ ಅರ್ಜುನನಿಗೆ ದೊರೆಯುವ ರಥಕ್ಕೆ ಆಗಲೇ ಕಪಿಧ್ವಜವಿದೆ. ವನಪರ್ವದಲ್ಲಿ ಸೌಗಂಧಿಕ ಪುಷ್ಪವನ್ನು ಅರಸಿ ಹೊರಟ ಭೀಮನನ್ನು ತಡೆದು, ಅವನ ಗರ್ವವನ್ನು ಇಳಿಸಿದ ಹನುಮಂತನು ಮುಂದೆ ವಿಜಯನ ಧ್ವಜದಲ್ಲಿದ್ದು ಗರ್ಜಿಸುವೆನೆಂದು ಮಾತು ಕೊಡುತ್ತಾನೆ. ಇವೆರಡನ್ನೂ ಬಲ್ಲ ಯಕ್ಷಗಾನ ರಂಗಭೂಮಿಯು ‘ಶರಸೇತು ಬಂಧನ’ ಎಂಬ ಪ್ರಸಂಗದ ಮೂಲಕ ಮೂರನೆಯ ಕಥೆಯೊಂದನ್ನು ಹೇಳುತ್ತದೆ. ಶ್ರೀರಾಮನು ಕಲ್ಲು ಹೊರಿಸಿ ಸೇತುವೆ ಕಟ್ಟಿಸುವ ಬದಲು ಬಾಣಗಳಿಂದಲೇ ಕಟ್ಟಬಹುದಿತ್ತಲ್ಲವೆ ಎಂದು ಅರ್ಜುನನು ಹೆಮ್ಮೆಪಡುವುದು, ಮುದಿಕಪಿಯೊಂದಿಗೆ ಪಂಥ ಕಟ್ಟುವುದು, ಸೇತುವೆ ಮುರಿಯುವುದು, ಸೋತವನು ಅಗ್ನಿಪ್ರವೇಶಕ್ಕೆ ಸಿದ್ಧನಾಗುವುದು, ಕೃಷ್ಣನು ವೇಷ ಮರೆಸಿ ಬಂದು ಇಬ್ಬರನ್ನೂ ಉಳಿಸುವುದು ಮತ್ತು ಕಡೆಗೆ ಹನುಮಂತನು ಧ್ವಜವನ್ನೇರಲು ಒಪ್ಪುವುದು ಇದರ ವಸ್ತು.

ಮೂರೂ ಕಥೆಗಳು ಏಕಕಾಲಕ್ಕೆ ನಿಜವಾಗಿರಲು ಸಾಧ್ಯವಿಲ್ಲ. ಆದರೂ ಸಾಗರ, ಹೊಸನಗರ, ತೀರ್ಥಹಳ್ಳಿಗಳ ಯಾವ ಊರಿನಲ್ಲಿಯೂ ಈ ಕಾರಣಕ್ಕಾಗಿ ಆಟ ನಿಂತುದಿಲ್ಲ. ಆಗುಂಬೆ, ಹುಲಿಕಲ್ ಘಾಟಿಗಳನ್ನೇರಿ ಬರುವ ಕರಾವಳಿಯ ಮೇಳಗಳ ಹರಕೆಯಾಟಗಳನ್ನು ನೋಡುತ್ತ, ಮಳೆಗಾಲದಲ್ಲಿ ಮನೆಯ ಜಗಲಿಗಳಲ್ಲಿ ತಾಳಮದ್ದಳೆಯನ್ನು ನಡೆಸುತ್ತ ಬಂದ ಈ ಸೀಮೆಯ ಪ್ರೇಕ್ಷಕನಿಗೆ ಕಥೆಗಳ ಪರಸ್ಪರ ವಿರೋಧವು ರಸಭಂಗವಾಗಿ ಕಂಡಿಲ್ಲ; ಅದು ಮಾತಿಗೆ ಒದಗುವ ಬಂಡವಾಳವಾಗಿದೆ. ನೆಲದ ಐತಿಹ್ಯಗಳೂ ಅದಕ್ಕೆ ಪೂರಕವಾಗಿವೆ. ತೀರ್ಥಹಳ್ಳಿಯ ತುಂಗೆಯಲ್ಲಿ ಪರಶುರಾಮನು ಕೊಡಲಿಯ ರಕ್ತವನ್ನು ತೊಳೆದನು. ಅದೇ ತಾಲ್ಲೂಕಿನ ಮೃಗವಧೆಯಲ್ಲಿ ರಾಮನು ಮಾರೀಚನನ್ನು ಕೊಂದನು. ಅಂಬುತೀರ್ಥದಲ್ಲಿ ರಾಮಬಾಣದ ಮೊನೆಯಿಂದ ಶರಾವತಿ ಹುಟ್ಟಿದಳು. ಭೀಮನಕಟ್ಟೆಯ ಹೆಸರು ಪಾಂಡವರದು. ಹೊಸನಗರ ತಾಲ್ಲೂಕಿನ ಹುಂಚ ಮತ್ತು ತೀರ್ಥಹಳ್ಳಿಯ ಕುಂದಾದ್ರಿಗಳು ಜೈನಕ್ಷೇತ್ರಗಳು. ನಾಗಚಂದ್ರನ ಪಂಪರಾಮಾಯಣವೂ ಸೇರಿದ ಆ ಪರಂಪರೆಯ ರಾಮಕಥೆಯಲ್ಲಿ ರಾವಣನನ್ನು ಕೊಲ್ಲುವವನು ಲಕ್ಷ್ಮಣ. ಒಂದು ಹಗಲಿನಲ್ಲಿ ನಡೆದು ತಲುಪಬಹುದಾದ ಬೆಟ್ಟಗಳ ನಡುವೆ ರಾವಣನು ಇಬ್ಬರ ಕೈಯಲ್ಲಿ ಸತ್ತಿದ್ದಾನೆ. ಇದನ್ನು ಸರಿಪಡಿಸಬೇಕೆಂದು ಇಲ್ಲಿ ಯಾರೂ ಹೊರಟಂತಿಲ್ಲ.

ಬೇರೆ ಬೇರೆ ಕಥಾಚಕ್ರಗಳ ವೀರರನ್ನು ಒಂದೆಡೆ ತರುವುದಕ್ಕೆ ಪ್ರಸಂಗಕರ್ತರು ಬಳಸಿದ ಉಪಾಯಗಳು ಹಲವು. ಮೊದಲನೆಯದು ಚಿರಂಜೀವಿತ್ವ. ಹನುಮಂತ, ಪರಶುರಾಮ, ವಿಭೀಷಣರು ಯುಗದ ಗಡಿಯನ್ನು ದಾಟಬಲ್ಲವರು. ‘ಜಾಂಬವತಿ ಕಲ್ಯಾಣ’ದಲ್ಲಿ ರಾಮಾವತಾರದ ಜಾಂಬವಂತನು ಕೃಷ್ಣನೊಡನೆ ದಿನಗಟ್ಟಲೆ ಹೋರಾಡಿ, ಎದುರಾಳಿ ತನ್ನ ಹಳೆಯ ಒಡೆಯನೇ ಎಂಬುದನ್ನು ಪೆಟ್ಟಿನ ರುಚಿಯಿಂದ ಅರಿಯುತ್ತಾನೆ. ಇನ್ನೊಂದು, ಕೊಟ್ಟ ಮಾತು. ‘ಕೃಷ್ಣಾರ್ಜುನ ಕಾಳಗ’ದಲ್ಲಿ ಗಯನಿಗೆ ಅಭಯವಿತ್ತ ಅರ್ಜುನನೂ ಗಯನನ್ನು ಕೊಲ್ಲುವೆನೆಂದ ಕೃಷ್ಣನೂ ಮುಖಾಮುಖಿಯಾಗುತ್ತಾರೆ. ಗೀತೆಯ ಕೃಷ್ಣಾರ್ಜುನರನ್ನು ಬಲ್ಲವರಿಗೆ ಈ ಯುದ್ಧ ಅಸಂಭವ. ಆದರೆ ಅದೇ ಅಸಂಭವವು ಪ್ರೇಕ್ಷಕನನ್ನು ಬೆಳಗಿನವರೆಗೆ ಕೂರಿಸಿದೆ.

ಎಲ್ಲಕ್ಕಿಂತ ಸಮರ್ಥವಾದ ಉಪಾಯ ಅಶ್ವಮೇಧದ ಕುದುರೆ. ಕುರುಕ್ಷೇತ್ರದಲ್ಲಿ ಹೆಸರಾಂತ ವೀರರೆಲ್ಲ ಮಡಿದ ಮೇಲೆ ಭಾರತದ ಕಥೆಗೆ ಎದುರಾಳಿಗಳೇ ಉಳಿಯುವುದಿಲ್ಲ. ಲಕ್ಷ್ಮೀಶನ ಜೈಮಿನಿ ಭಾರತವು ಆ ಬರಿದಾದ ಭೂಮಿಗೆ ಕುದುರೆಯನ್ನು ಬಿಟ್ಟು ಸುಧನ್ವ, ಬಭ್ರುವಾಹನ, ಪ್ರಮೀಳೆ, ತಾಮ್ರಧ್ವಜ, ಚಂದ್ರಹಾಸ, ವೀರವರ್ಮರನ್ನು ಒಬ್ಬೊಬ್ಬರನ್ನಾಗಿ ಎಬ್ಬಿಸುತ್ತದೆ. ಇವರೆಲ್ಲರೂ ಪ್ರತ್ಯೇಕ ಪ್ರಸಂಗಗಳಾಗಿ ರಂಗಕ್ಕೆ ಬಂದಿದ್ದಾರೆ. ಕುದುರೆಯ ಹಣೆಯ ಪತ್ರವನ್ನು ಓದಿದವನು ಕಟ್ಟಲೇಬೇಕು, ಕಟ್ಟಿದವನು ಕಾದಲೇಬೇಕು. ಕಥೆಗಳನ್ನು ಜೋಡಿಸುವುದಕ್ಕೆ ಇಷ್ಟು ಸಾಕು. ಇಲ್ಲಿ ಸಾವೂ ಶಾಶ್ವತವಲ್ಲ. ಮಗನ ಬಾಣದಿಂದ ಮಡಿದ ಅರ್ಜುನನು ನಾಗಲೋಕದ ಮಣಿಯಿಂದ ಏಳುತ್ತಾನೆ. ತಂದೆಮಕ್ಕಳ ಈ ಕಾಳಗಕ್ಕೆ ಹಿಂದಿನ ನಿದರ್ಶನವಾಗಿ ಕವಿಯು ಕುಶಲವರ ಕಥೆಯನ್ನು ಅಲ್ಲಿಯೇ ಹೆಣೆದು ಒಂದು ಅಶ್ವಮೇಧದ ಒಳಗೆ ಇನ್ನೊಂದು ಅಶ್ವಮೇಧವನ್ನು ಇರಿಸಿದ್ದಾನೆ. ರಾಮನ ಕುದುರೆಯೂ ಇದೇ ಕೆಲಸ ಮಾಡುತ್ತದೆ: ‘ವೀರಮಣಿ ಕಾಳಗ’ದಲ್ಲಿ ಅದು ಶಿವನು ಕಾಯುವ ಊರನ್ನು ಹೊಕ್ಕು ಹನುಮಂತನನ್ನು ಶಿವನ ಎದುರಿಗೇ ತಂದು ನಿಲ್ಲಿಸುತ್ತದೆ.

ಈ ಬಗೆಯ ಕಥಾಸಂಗಮವನ್ನು ಒಂದು ಉದ್ಯಮವು ಲೆಕ್ಕಪತ್ರದ ಶಿಸ್ತಿನಿಂದ ನಡೆಸಿದ ಉದಾಹರಣೆ ಅಮೆರಿಕದ ಮಹಾವೀರರ ಕಾಮಿಕ್ಸ್. ಡಿಸಿ ಸಂಸ್ಥೆಯು 1940ರಲ್ಲಿ ಫ್ಲ್ಯಾಶ್ ಎಂಬ ವೇಗಿಯೊಬ್ಬನನ್ನೂ 1956ರಲ್ಲಿ ಅದೇ ಹೆಸರಿನ ಇನ್ನೊಬ್ಬನನ್ನೂ ಸೃಷ್ಟಿಸಿತು. 1961ರ ಕಥೆಯೊಂದರಲ್ಲಿ ಇಬ್ಬರೂ ಭೇಟಿಯಾದರು. ಹೊಸಬನು ಹಳಬನ ಸಾಹಸಗಳನ್ನು ಬಾಲ್ಯದಲ್ಲಿ ಕಾಮಿಕ್ಸಿನಲ್ಲಿ ಓದಿದ್ದನಂತೆ! ಅಧ್ಯಾತ್ಮ ರಾಮಾಯಣದ ಸೀತೆಯು, ಯಾವ ರಾಮಾಯಣದಲ್ಲಾದರೂ ಸೀತೆಯನ್ನು ಬಿಟ್ಟು ರಾಮನು ಕಾಡಿಗೆ ಹೋದುದುಂಟೆ ಎಂದು ಕೇಳುವ ಪ್ರಸಂಗವನ್ನು ಬಲ್ಲವರಿಗೆ ಇದು ಅಪರಿಚಿತವಾಗಿ ತೋರದು. ಇಬ್ಬರೂ ಬೇರೆ ಬೇರೆ ಭೂಮಿಗಳಲ್ಲಿ ವಾಸಿಸುವವರೆಂಬ ವಿವರಣೆ ಅಲ್ಲಿಂದ ಬೆಳೆಯಿತು. 1963ರಿಂದ ಎರಡು ಭೂಮಿಗಳ ವೀರಸಂಘಗಳು ವರ್ಷಕ್ಕೊಮ್ಮೆ ಕೂಡತೊಡಗಿದವು; ಭೂಮಿಗಳ ಸಂಖ್ಯೆ ಏರಿತು; ಹೊಸ ಓದುಗನಿಗೆ ಪ್ರವೇಶ ಕಷ್ಟವಾಯಿತೆಂದು ಸಂಸ್ಥೆ ಭಾವಿಸಿತು. 1985-86ರಲ್ಲಿ ಹನ್ನೆರಡು ಸಂಚಿಕೆಗಳಲ್ಲಿ ಬಂದ ‘ಕ್ರೈಸಿಸ್ ಆನ್ ಇನ್ಫಿನಿಟ್ ಅರ್ಥ್ಸ್’ ಎಲ್ಲ ವೀರರನ್ನೂ ಒಂದೆಡೆ ಕೂಡಿಸಿ, ಎಲ್ಲ ಭೂಮಿಗಳನ್ನೂ ಒಂದಾಗಿಸಿತು. ಮಾರ್ವ್ ವುಲ್ಫ್‌ಮನ್ ಬರೆದು ಜಾರ್ಜ್ ಪೆರೆಜ್ ಚಿತ್ರಿಸಿದ ಈ ಕೃತಿಯಲ್ಲಿ ಪಾತ್ರಗಳು ಸತ್ತುದಷ್ಟೇ ಅಲ್ಲ, ಕೆಲವು ಎಂದೂ ಇರಲೇ ಇಲ್ಲವೆಂದಾಯಿತು. ಎರಡನೆಯ ಭೂಮಿಯ ಬ್ಯಾಟ್‌ಮನ್ನನ ಮಗಳು ಹಂಟ್ರೆಸ್ ಅಂಥವಳು. 1989ರಲ್ಲಿ ಬೇರೊಂದು ಜನ್ಮವೃತ್ತಾಂತದ ಇನ್ನೊಬ್ಬಳು ಅದೇ ಹೆಸರಿನಿಂದ ಬಂದಳು.

ಆದರೆ ಅಳಿಸಿದ್ದು ಅಳಿಯಲಿಲ್ಲ. ಓದುಗರು ಹಳೆಯ ಸಂಚಿಕೆಗಳನ್ನು ಎಸೆದಿರಲಿಲ್ಲ. 1994ರಲ್ಲಿ ಮತ್ತೊಂದು ದುರಸ್ತಿ ಬೇಕಾಯಿತು. 2005-06ರ ಮಹಾಸಂಗಮದ ಬೆನ್ನಿಗೆ ಐವತ್ತೆರಡು ವಿಶ್ವಗಳು ಮರಳಿದವು. 2011ರಲ್ಲಿ ಎಲ್ಲ ಪತ್ರಿಕೆಗಳೂ ಒಂದನೆಯ ಸಂಚಿಕೆಯಿಂದ ಮರಳಿ ಆರಂಭಗೊಂಡವು. 2016ರಲ್ಲಿ ಕಳೆದುಹೋದುದನ್ನು ಮರಳಿಸುವ ಇನ್ನೊಂದು ಘೋಷಣೆ ಬಂದಿತು. ತೊಡಕನ್ನು ನೀಗಲೆಂದು ಬಂದ ಪ್ರತಿಯೊಂದು ಮಹಾಸಂಗಮವೂ ಮುಂದಿನ ತೊಡಕಿಗೆ ಒಂದು ಎಳೆಯನ್ನು ಸೇರಿಸಿದೆ. ಇದರಲ್ಲಿ ವ್ಯಾಪಾರದ ಪಾಲು ದೊಡ್ಡದು. ಮಾರ್ವೆಲ್ ಸಂಸ್ಥೆಯ 1984ರ ‘ಸೀಕ್ರೆಟ್ ವಾರ್ಸ್’ ಆಟಿಕೆ ತಯಾರಕರೊಂದಿಗಿನ ಒಪ್ಪಂದದ ಫಲ.

ಇಷ್ಟನ್ನು ಕಂಡು, ಇವೆಲ್ಲವೂ ನಮ್ಮಲ್ಲಿ ಆಗಲೇ ಇದ್ದವು ಎಂದು ತೃಪ್ತಿಪಡುವುದು ಸುಲಭ; ಅಂಥ ತೃಪ್ತಿ ಜಾನಪದ ಅಧ್ಯಯನಕ್ಕೆ ಏನನ್ನೂ ಕೊಡುವುದಿಲ್ಲ. ಸಾಮ್ಯಕ್ಕಿಂತ ವ್ಯತ್ಯಾಸವೇ ಇಲ್ಲಿ ಮುಖ್ಯವಾದುದು. ಪುರಾಣಗಳ ಪರಸ್ಪರ ವಿರೋಧಗಳಿಗೆ ವ್ಯಾಖ್ಯಾನಕಾರರು ಕೊಡುತ್ತ ಬಂದ ಉತ್ತರ ‘ಕಲ್ಪಭೇದ’: ಆ ಕಥೆ ಒಂದು ಕಲ್ಪದ್ದು, ಈ ಕಥೆ ಇನ್ನೊಂದು ಕಲ್ಪದ್ದು. ಕಾಮಿಕ್ಸಿನ ಬಹುವಿಶ್ವವೂ ರೂಪದಲ್ಲಿ ಇದೇ. ಆದರೆ ಕಲ್ಪಭೇದವು ವಿರೋಧಗಳನ್ನು ಉಳಿಸಿಕೊಳ್ಳುವ ಸಾಧನ. ಯಾವ ಕಲ್ಪವನ್ನೂ ರದ್ದುಪಡಿಸುವ ಅಧಿಕಾರ ಯಾರಿಗೂ ಇಲ್ಲ. ಹೀಗಾಗಿ ಯಕ್ಷಗಾನದ ಸಂಗಮವು ಕೂಡಿಸುತ್ತದೆ, ಕಾಮಿಕ್ಸಿನ ಸಂಗಮವು ಕಳೆಯುತ್ತದೆ. ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯ ಕುವೆಂಪು ಅವರು ‘ಶ್ರೀರಾಮಾಯಣ ದರ್ಶನಂ’ನಲ್ಲಿ ಸೀತೆಯೊಡನೆ ರಾಮನನ್ನೂ ಅಗ್ನಿಪ್ರವೇಶ ಮಾಡಿಸಿದಾಗಲೂ ವಾಲ್ಮೀಕಿಯ ಅಗ್ನಿಪ್ರವೇಶ ರದ್ದಾಗಲಿಲ್ಲ, ಎರಡನ್ನೂ ಓದಿದವನು ಎರಡನೆಯದರ ಬಲವನ್ನು ಮೊದಲನೆಯದರಿಂದಲೇ ಅಳೆಯುತ್ತಾನೆ.

ಮೇಳಗಳು ವ್ಯಾಪಾರದಿಂದ ಮುಕ್ತವಾಗಿದ್ದವೆಂದು ಇದರ ಅರ್ಥವಲ್ಲ. ಎರಡು ಮೇಳಗಳು ಅಕ್ಕಪಕ್ಕದ ರಂಗಸ್ಥಳಗಳಲ್ಲಿ ಒಂದೇ ಪ್ರಸಂಗವನ್ನು ಪೈಪೋಟಿಯಿಂದ ಆಡುವ ಜೋಡಾಟ, ಒಂದೇ ರಂಗಸ್ಥಳದಲ್ಲಿ ಕೂಡಿ ಆಡುವ ಕೂಡಾಟಗಳಿಗೆ ಜನ ಸೇರುವುದು ಕಲಾವಿದರ ಮುಖಾಮುಖಿಗಾಗಿ. ಡೇರೆ ಮೇಳಗಳು ವರ್ಷಕ್ಕೊಂದರಂತೆ ತಂದ ಕಾಲ್ಪನಿಕ ಪ್ರಸಂಗಗಳೂ ಟಿಕೆಟಿನ ಒತ್ತಡದಿಂದಲೇ ಹುಟ್ಟಿದವು. ಅವುಗಳನ್ನು ಅಪಚಾರವೆಂದು ತಳ್ಳಿಹಾಕಿದ ವಿಮರ್ಶೆ ನ್ಯಾಯಯುತವಲ್ಲ. ಅವುಗಳ ಕೊರತೆ ಬೇರೆ: ಅವುಗಳ ರಾಜಕುಮಾರ, ನಾಗಕನ್ಯೆಯರಿಗೆ ಹಿಂದಿನ ಕಥೆಯಿಲ್ಲ. ಇನ್ನೊಂದು ಪ್ರಸಂಗದಿಂದ ಎದುರುವಾದವನ್ನು ಎತ್ತಿಕೊಳ್ಳಲಾಗದ ಅರ್ಥಧಾರಿ ಅಲ್ಲಿ ಬಹುಬೇಗ ಬಡವನಾಗುತ್ತಾನೆ.

ವಿರೋಧವನ್ನು ಬಗೆಹರಿಸುವ ಹೊಣೆ ಯಾರದು ಎಂಬುದಕ್ಕೆ ‘ಶರಸೇತು ಬಂಧನ’ದಲ್ಲಿಯೇ ಸುಳಿವಿದೆ. ಮೊದಲ ಪಂಥದಲ್ಲಿ ಸೇತುವೆ ಮುರಿದಿದೆ, ಅರ್ಜುನ ಸೋತಿದ್ದಾನೆ. ವೇಷ ಮರೆಸಿ ಬಂದ ಕೃಷ್ಣನ ಆಕ್ಷೇಪ ಒಂದೇ: ಸಾಕ್ಷಿಯಿಲ್ಲದೆ ನಡೆದ ಪಂಥವು ಪಂಥವಲ್ಲ, ಮತ್ತೊಮ್ಮೆ ನಡೆಯಲಿ. ನಡೆದುಹೋದುದನ್ನು ಅಸಿಂಧುಗೊಳಿಸಿ ಮೊದಲಿನಿಂದ ಆರಂಭಿಸುವ ಕ್ರಿಯೆ ಇದು. ಕಾಮಿಕ್ಸಿನ ಪುನರಾರಂಭಕ್ಕೆ ಇಷ್ಟು ಹತ್ತಿರದ ಸನ್ನಿವೇಶ ಪ್ರಸಂಗ ಸಾಹಿತ್ಯದಲ್ಲಿ ವಿರಳ. ಆದರೆ ಮೊದಲ ಸೋಲು ಅಳಿಯುವುದಿಲ್ಲ. ಅರ್ಜುನನಿಗೆ ಅದು ನೆನಪಿದೆ, ಹನುಮಂತನಿಗೂ ನೆನಪಿದೆ, ಸಭೆ ಅದನ್ನು ಕಣ್ಣಾರೆ ಕಂಡಿದೆ. ಎರಡನೆಯ ಬಾರಿ ಸೇತುವೆ ಉಳಿಯುವುದು ಕೃಷ್ಣನು ಕೆಳಗಿನಿಂದ ತಾಂಗಿದುದರಿಂದ ಎಂಬುದೂ ಸಭೆಗೆ ತಿಳಿದಿದೆ. ಸಾಕ್ಷಿಯ ಎದುರಿಗೆ ನಡೆದ ರದ್ದತಿ ಇದು.

ತಾಳಮದ್ದಳೆಯಲ್ಲಿ ಆ ಸಾಕ್ಷಿಯ ಸ್ಥಾನ ಶ್ರೋತೃಗಳದು. ಧ್ವಜವು ಖಾಂಡವದ ಕಾಲದ್ದೇ ಅಲ್ಲವೆ, ಭೀಮನಿಗೆ ಕೊಟ್ಟ ಮಾತಿನ ಗತಿಯೇನು ಎಂದು ಎದುರಾಳಿ ಕೇಳಿದರೆ ಹನುಮಂತನ ಅರ್ಥಧಾರಿ ಆ ಕ್ಷಣದಲ್ಲಿ ಉತ್ತರಿಸಬೇಕು. ಶರಸೇತುವಿನ ಘಟನೆ ಅರ್ಜುನನ ತೀರ್ಥಯಾತ್ರೆಯ ಕಾಲದ್ದೆಂದು ಹಿಡಿದರೆ ಖಾಂಡವದ ಧ್ವಜ ಅದರ ನಂತರದ್ದಾಗುತ್ತದೆ. ಅಲ್ಲಿ ಒಪ್ಪಿದುದು ನೆಲೆಸುವುದಕ್ಕೆ, ಭೀಮನಿಗೆ ಮಾತು ಕೊಟ್ಟುದು ಗರ್ಜಿಸುವುದಕ್ಕೆ ಎಂದು ಮೂರನ್ನೂ ಹೊಂದಿಸಬಹುದು. ಒಪ್ಪದ ಎದುರಾಳಿ ಬೇರೆ ದಾರಿ ಹಿಡಿಯಬಹುದು. ಭಾಗವತರು ಮುಂದಿನ ಪದ್ಯವನ್ನು ಎತ್ತಿಕೊಂಡೊಡನೆ ಆ ವಾದ ಅಲ್ಲಿಗೆ ನಿಲ್ಲುತ್ತದೆ. ಆ ರಾತ್ರಿಯ ತೀರ್ಮಾನ ಆ ರಾತ್ರಿಗೆ ಮಾತ್ರ.

ಈ ವ್ಯವಸ್ಥೆಗೆ ಇಂದು ಎರಡು ಕಡೆಯಿಂದ ಒತ್ತಡವಿದೆ. ಮೊದಲನೆಯದು ಕಾಲಮಿತಿ. ರಾತ್ರಿ 10ರಿಂದ ಬೆಳಗಿನ 6ರವರೆಗೆ ಧ್ವನಿವರ್ಧಕವನ್ನು ನಿರ್ಬಂಧಿಸುವ 2000ದ ಶಬ್ದಮಾಲಿನ್ಯ ನಿಯಮಗಳು, ನಿದ್ದೆಗೆಡಲಾರದ ಪ್ರೇಕ್ಷಕರು, ನಗರದ ಸಭಾಭವನಗಳು ಇದಕ್ಕೆ ಕಾರಣ, ಕಾರಣಗಳನ್ನು ಅಲ್ಲಗಳೆಯುವಂತಿಲ್ಲ. ಆದರೆ ಇಡೀ ರಾತ್ರಿಯ ಆಖ್ಯಾನವನ್ನು ಮೂರು ಗಂಟೆಗೆ ಇಳಿಸುವಾಗ ಯುದ್ಧವಾಗಲಿ ಕುಣಿತವಾಗಲಿ ಹೋಗುವುದಿಲ್ಲ. ಪೀಠಿಕೆ ಮತ್ತು ವಾದ ಹೋಗುತ್ತವೆ. ಅಂದರೆ ಕಥೆಗಳು ಒಂದನ್ನೊಂದು ಪ್ರಶ್ನಿಸುವ ಜಾಗವೇ ಹೋಗುತ್ತದೆ. ಎರಡನೆಯ ಒತ್ತಡ ವಿದ್ವತ್ತಿನ ಕಡೆಯದು. ಶುದ್ಧಪಾಠದ ಹಂಬಲದಿಂದ ಪ್ರಸಂಗಗಳನ್ನು ಸಂಪಾದಿಸುವವರು ‘ಮೂಲಕ್ಕೆ ವಿರುದ್ಧ’, ‘ಪ್ರಕ್ಷಿಪ್ತ’ ಎಂದು ಪದ್ಯಗಳನ್ನು ಕೈಬಿಡುವಾಗ, 1985ರಲ್ಲಿ ಕಾಮಿಕ್ಸ್ ಸಂಸ್ಥೆಯೊಂದು ಮಾಡಿದುದನ್ನೇ ಹೆಚ್ಚು ಗೌರವದ ಹೆಸರಿನಲ್ಲಿ ಮಾಡುತ್ತಾರೆ. ಬಿಟ್ಟ ಪದ್ಯಗಳನ್ನು ಅನುಬಂಧದಲ್ಲಿಯಾದರೂ ಕೊಡುವ ಸಂಪಾದಕನು ಕಲ್ಪಭೇದಕ್ಕೆ ಹತ್ತಿರವಾಗಿದ್ದಾನೆ.

ಗ್ರಂಥಾಲಯಗಳಿಗೆ ಸಂಬಂಧಿಸಿದ ಒಂದು ವಿಷಯ ಉಳಿದಿದೆ. ಮಲೆನಾಡಿನ ಮನೆಗಳಲ್ಲಿ ತಾಳಮದ್ದಳೆಯ ಧ್ವನಿಸುರುಳಿಗಳು ಇನ್ನೂ ಉಳಿದಿವೆ. ತೇವಕ್ಕೆ ಸಿಕ್ಕಿ ಹಾಳಾಗುತ್ತಲೂ ಇವೆ. ಸಂಗ್ರಹಕ್ಕೆ ಸೇರುವಾಗ ಅವು ಸಾಮಾನ್ಯವಾಗಿ ಪ್ರಸಂಗ, ಭಾಗವತರು, ಅರ್ಥಧಾರಿಗಳು, ಸ್ಥಳ, ದಿನಾಂಕ ಎಂಬ ಶೀರ್ಷಿಕೆಗಳಡಿ ದಾಖಲಾಗುತ್ತವೆ. ‘ಶರಸೇತು ಬಂಧನ’ದ ಹತ್ತು ಸುರುಳಿಗಳಿದ್ದರೆ ಪಟ್ಟಿಯಲ್ಲಿ ಅವು ಒಂದೇ ಕೃತಿಯ ಹತ್ತು ಪ್ರತಿಗಳಂತೆ ತೋರುತ್ತವೆ. ಧ್ವಜದ ಪ್ರಶ್ನೆ ಎದ್ದಿತೆ, ಎತ್ತಿದವರು ಯಾರು, ಹನುಮಂತನು ಯಾವ ಕಥೆಯನ್ನು ಹಿಡಿದು ಉತ್ತರಿಸಿದನು ಎಂಬ ಮೂರು ಸಾಲುಗಳನ್ನು ಪಟ್ಟಿಗೆ ಸೇರಿಸಿದರೆ ಅವು ಹತ್ತು ಬೇರೆ ಕೃತಿಗಳಾಗುತ್ತವೆ. ಆ ಆಟಗಳನ್ನು ಕೂತು ಕೇಳಿದ ಹಿರಿಯರು ಈ ಮೂರು ತಾಲ್ಲೂಕುಗಳಲ್ಲಿ ಇರುವಾಗಲೇ ಈ ಕೆಲಸ ಆಗಬೇಕು. ಸುರುಳಿಯ ಮೇಲೆ ಹೆಸರಿಲ್ಲದ ದನಿ ಯಾರದೆಂದು ಹೇಳಬಲ್ಲವರು ಅವರು ಮಾತ್ರ.