ಬದುವಿನ ಲಾವಂಚ

ಬೇಗೂರಿನಿಂದ ಗುಂಡ್ಲುಪೇಟೆಯತ್ತ ಹೋಗುವವರ ಕಣ್ಣೆಲ್ಲ ಚೆಂಡುಹೂವಿನ ಮೇಲೆ. ನನ್ನದು ಹೊಲದ ಬದುವಿನ ಮೇಲೆ. ಈ ಸೀಮೆಯ ರೈತರು ಎಲ್ಲೆಗೆಂದು ಲಾವಂಚ ನೆಟ್ಟು ತಲೆಮಾರುಗಳೇ ಕಳೆದಿವೆ. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ತಜ್ಞರು ಮಣ್ಣು ಹಿಡಿಯುವ ಹುಲ್ಲೆಂದು ಇದನ್ನು ಜಗತ್ತಿಗೆಲ್ಲ ಸಾರತೊಡಗಿದಾಗ, ಇಲ್ಲಿಯ ಸಾಲುಗಳು ಆಗಲೇ ಹಳೆಯವಾಗಿದ್ದವು.

ಇದನ್ನು ಹೆಚ್ಚಿಸುವ ಕೆಲಸ ನೋಡಬೇಕು. ದಕ್ಷಿಣದ ಈ ತಳಿಯಲ್ಲಿ ಮೊಳೆಯುವ ಬೀಜವೇ ಇಲ್ಲವೆನ್ನಬಹುದು. ಬುಡ ಒಡೆಯುವುದೇ ದಾರಿ. ಹಾರೆಯಿಂದ ಬುಡ ಮೀಟಿ, ಮಣ್ಣು ಕೊಡವಿ, ಗರಿಯನ್ನು ಗೇಣುದ್ದಕ್ಕೆ, ಬೇರನ್ನು ನಾಲ್ಕು ಬೆರಳಿಗೆ ಕತ್ತರಿಸುತ್ತಾರೆ. ಬೇರು ತುಂಡಾದ ಸಸಿಗೆ ಉದ್ದ ಗರಿ ಹೊರೆ. ಇದ್ದಬದ್ದ ನೀರನ್ನು ಅದೇ ಆರಿಸಿಬಿಡುತ್ತದೆ. ಆಮೇಲೆ ಮಚ್ಚು ಕೆಳಗಿಟ್ಟು ಕೈಯಲ್ಲೇ ಸೀಳುವುದು. ಸಸಿಗೆ ಎರಡು ಮೂರು ತೆಂಡೆ. ಒಂಟಿ ತೆಂಡೆಯೂ ಬದುಕೀತು, ಆದರೆ ಮಳೆ ಕೈಕೊಡುವ ಈ ಸೀಮೆಯಲ್ಲಿ ಅಷ್ಟು ಜಿಪುಣತನ ಸಲ್ಲದು. ಅರ್ಧ ಗೇಣಿಗೊಂದರಂತೆ ನೆಟ್ಟರೆ ಸಾಲು ಕೂಡಿಕೊಳ್ಳುತ್ತದೆ.

ಪೇಟೆಯ ನರ್ಸರಿಗಳಲ್ಲಿ ಅಲಂಕಾರದ ಹುಲ್ಲನ್ನು ಕುಂಡದಿಂದ ಕುಂಡಕ್ಕೆ ಒಡೆಯುವುದೂ ಇದೇ ಕೈಚಳಕ. ಅಲ್ಲಿ ಬೆಲೆ ಗರಿಗೆ, ಇಲ್ಲಿ ಬೇರಿಗೆ. ಪಂಪಾಸ್ ಹುಲ್ಲಿನ ಗರಿ ಕೈ ಕೊಯ್ಯುತ್ತದೆ. ಲಾವಂಚ ಸೀಳಿದ ಕೈಯಲ್ಲಿ ಬೇರಿನ ಘಮ ಊಟದ ಹೊತ್ತಿಗೂ ಉಳಿದಿರುತ್ತದೆ.