ಕಡಲು ಬರೆಯುವ ಮುನ್ನ ಕೆರೆ

ನಮ್ಮ ಹೊಸಕೋಟೆಗೂ ಕಡಲಿಗೂ ಇರುವ ನಂಟು ಇಷ್ಟೇ: ಊರಿನ ಬಳಿ ಹಾದುಹೋಗುವ ದಕ್ಷಿಣ ಪಿನಾಕಿನಿ ಕೊನೆಗೆ ಬಂಗಾಳ ಕೊಲ್ಲಿ ಸೇರುತ್ತದೆ. ಆದರೂ ಪೆನ್ಸಿಲ್ಲಿನಲ್ಲಿ ಕಡಲು ಬರೆಯುವ ಆಸೆಯಿರುವವರು ಮೊದಲು ಹೊಸಕೋಟೆ ಕೆರೆ ಏರಿಯ ಮೇಲೆ ಕೂರಲಿ ಎನ್ನುತ್ತೇನೆ. ಮಲ್ಪೆಯ ಕಡಲತೀರ ಆಮೇಲೆ.

ಗಾಳಿ ತಾಕಿದ ಕಡೆ ಕೆರೆನೀರು ಕಪ್ಪಾಗುತ್ತದೆ, ತಾಕದ ಕಡೆ ಆಕಾಶದಷ್ಟೇ ಬಿಳಿ. ಕಾಲ ಬುಡದ ತೆರೆಗಳು ಅಗಲವಾಗಿದ್ದು, ದೂರ ಹೋದಂತೆ ಒಂದಕ್ಕೊಂದು ಒತ್ತಿಕೊಂಡು ಬರೀ ಗೆರೆಗಳಾಗುತ್ತವೆ. ಇಷ್ಟಕ್ಕೆ 2ಬಿ ಪೆನ್ಸಿಲ್ ಸಾಕು. ನೀರುಕಾಗೆ ಕೂತ ಒಣಮರಕ್ಕೆ ಬೇಕಾದರೆ ಇನ್ನೂ ಮೆದುವಾದ 6ಬಿ. ಗ್ರಾಫೈಟಿಗೆ ಜೇಡಿಮಣ್ಣು ಬೆರೆಸಿ ಸುಟ್ಟು ಕಡ್ಡಿ ಮಾಡುವ ವಿದ್ಯೆಗೆ 1795ರಲ್ಲಿ ಪೇಟೆಂಟ್ ಪಡೆದವನು ಫ್ರಾನ್ಸಿನ ಕೊಂಟೆ. ಮಣ್ಣು ಹೆಚ್ಚಾದರೆ ಗಡಸು, ಕಡಿಮೆಯಾದರೆ ಮೆದು, ಕಪ್ಪು. ಆದರೆ ತೀರಾ ಮೆದುವಾದದ್ದನ್ನು ಒತ್ತಿ ಉಜ್ಜಿದರೆ ಅದು ಬಿಸಿಲಿಗೆ ಮಿರುಗಿ, ಕಪ್ಪಿದ್ದ ಕಡೆಯೇ ಬೆಳ್ಳಗೆ ಕಾಣುತ್ತದೆ. ಬಯಲಲ್ಲಿ ಬರೆಯುವವರಿಗೆ ಇದೊಂದು ಕಾಟ. ಇನ್ನೊಂದು, ಪೆನ್ಸಿಲ್ ಎತ್ತಿ ಒಂದು ಕಣ್ಣು ಮುಚ್ಚಿ ಅಳತೆ ಹಿಡಿದರೆ ಸಾಕು, "ಸರ್ವೆ ಮಾಡ್ತಿದೀರಾ ಸಾರ್?" ಎಂದು ಯಾರಾದರೂ ಬಂದು ನಿಲ್ಲುತ್ತಾರೆ. ಸೈಟಿನ ರೇಟು ಏರಿರುವ ಊರಲ್ಲಿ ಅದು ಸಹಜವೇ.

ಕೆರೆಯಂತಲ್ಲ ಕಡಲು, ಅದಕ್ಕೆ ಆಚೆ ದಡವಿಲ್ಲ. ದಿಗಂತದ ಗೆರೆ ಯಾವಾಗಲೂ ನಿಮ್ಮ ಕಣ್ಣಿನ ಎತ್ತರಕ್ಕೇ ಇರುತ್ತದೆ. ಮರಳ ಮೇಲೆ ಕೂತರೆ ಅದೂ ಕೆಳಗಿಳಿಯುತ್ತದೆ. ನೊರೆಯನ್ನಂತೂ ಬರೆಯಲು ಬರುವುದೇ ಇಲ್ಲ, ಪೆನ್ಸಿಲ್ಲಿನಲ್ಲಿ ಬಿಳಿಯೆಲ್ಲಿದೆ? ಮಗುಚುವ ತೆರೆಯ ಹೊಟ್ಟೆಯಡಿಯ ನೆರಳನ್ನು ಬರೆದು, ಮೇಲೆ ಹಾಳೆಯನ್ನು ಖಾಲಿ ಬಿಡಬೇಕು. ಉಪ್ಪುಗಾಳಿಗೆ ಹಾಳೆ ತೇವ ಹಿಡಿಯುತ್ತದೆ; ಗಡಸು ಪೆನ್ಸಿಲ್ ಅದನ್ನು ಗೀರುತ್ತದೆ.

ಗ್ರಾಫೈಟಿನ ಕಡಲೆಂದರೆ ಕಲಾಪ್ರಿಯರು ಅಮೆರಿಕದ ವಿಯಾ ಸೆಲ್ಮಿನ್ಸ್ ಹೆಸರು ಹೇಳುತ್ತಾರೆ. 1960ರ ದಶಕದ ಕೊನೆಯಿಂದ ಆಕೆ ಬರೆದ ಕಡಲುಗಳಲ್ಲಿ ದಡವಿಲ್ಲ, ದಿಗಂತವಿಲ್ಲ, ಬರೀ ನೀರು. ಅದ್ಭುತ ಕೆಲಸ, ಆದರೆ ತಾನೇ ತೆಗೆದ ಫೋಟೊ ಮುಂದಿಟ್ಟುಕೊಂಡು ಮಾಡಿದ್ದು. ದಡದಲ್ಲಿ ಕೂತವರಿಗೆ ಉಡುಪಿ ಸೀಮೆಯ ಕಟ್ಟಿಂಗೇರಿಯ ಕಲಾವಿದ ಕೆ.ಕೆ. ಹೆಬ್ಬಾರರೇ ಸರಿಯಾದ ಗುರು. ಕುಣಿಯುವವರನ್ನು ಅವರು ಕೆಲವೇ ಗೆರೆಗಳಲ್ಲಿ ಹಿಡಿದರು. ತೆರೆಯೂ ನಿಮಗಾಗಿ ನಿಲ್ಲುವುದಿಲ್ಲ. ಹೋದ ತೆರೆ ಹೋಯಿತು, ಅಂಥದ್ದೇ ಇನ್ನೊಂದು ಬರುತ್ತದೆ. ನಾಲ್ಕಾರು ತೆರೆ ಸುಮ್ಮನೆ ನೋಡಿ, ಆಮೇಲೆ ಒಂದನ್ನು ಬರೆಯಿರಿ.

ಕೆರೆಗೆ ಬರುವುದಾದರೆ ಬೆಳಗ್ಗೆ ಎಂಟರೊಳಗೆ ಬನ್ನಿ. ಹೊತ್ತೇರಿದರೆ ಬಿಳಿ ಹಾಳೆಯೇ ಕಣ್ಣು ಕುಕ್ಕುತ್ತದೆ.