ಅಂಕಿತವೂ ಆಕರವೂ

ಪರಕೃತಿಯನ್ನು ಪ್ರತಿಮಾಡಿ ಹಂಚುವವನ ಧರ್ಮವೇನು? ಓಲೆಗರಿಯ ಕಾಲದ ಈ ಪ್ರಶ್ನೆ ಗಣಕಯಂತ್ರದ ಕಾಲದಲ್ಲಿ ಮರಳಿ ತಲೆಯೆತ್ತಿದೆ. ಮುಕ್ತ ತಂತ್ರಾಂಶಗಳಿಗೆ ವಿಧಿಸಿರುವ ಗ್ನೂ ಸಾರ್ವಜನಿಕ ಪರವಾನಿಗೆಯನ್ನು ಬರಿಯ ಕಾನೂನಿನ ಕಾಗದವೆಂದೆಣಿಸದೆ ಒಂದು ಗ್ರಂಥವೆಂದೇ ಪರೀಕ್ಷಿಸಿದರೆ, ಅದು ಈ ಪ್ರಶ್ನೆಗಿತ್ತ ಉತ್ತರವೆಂಬುದು ತಿಳಿಯುತ್ತದೆ. ಆ ಉತ್ತರದ ಬೆಲೆಯನ್ನರಿಯಲು ಸುರಪುರ ಸೀಮೆಯ ಎರಡು ನಿದರ್ಶನಗಳು ತಕ್ಕ ಒರೆಗಲ್ಲುಗಳಾಗಿವೆ.

ಮೊದಲನೆಯದು ಮುದನೂರಿನ ದಾಸಿಮಯ್ಯನದು. ‘ರಾಮನಾಥ’ ಎಂಬ ಅಂಕಿತವು ಆತನ ವಚನಗಳಿಗೆ ಶತಮಾನಗಳುದ್ದಕ್ಕೂ ಕಾವಲಾಗಿ ನಿಂತಿತು. ಆದರೂ ದೇವರ ದಾಸಿಮಯ್ಯನೂ ಜೇಡರ ದಾಸಿಮಯ್ಯನೂ ಒಬ್ಬರೋ ಇಬ್ಬರೋ ಎಂಬ ವಿದ್ವಾಂಸರ ವಿವಾದವನ್ನು ಅಂಕಿತವೊಂದೇ ತೀರಿಸಲಾರದು. ಲಿಪಿಕಾರನು ಎಲ್ಲಿ ಕೈಯಾಡಿಸಿದನೆಂಬುದನ್ನೂ ಅದು ಹೇಳದು. ಎರಡನೆಯದು ಕೊಡೇಕಲ್ಲ ಬಸವಣ್ಣನ ಪರಂಪರೆಯದು. ಅಲ್ಲಿ ಅಮರಗನ್ನಡವೆಂಬ ಗೂಢಲಿಪಿಯುಂಟು. ಆ ಲಿಪಿಯ ಮರ್ಮವನ್ನರಿಯದವನಿಗೆ ಹೊತ್ತಗೆ ಕೈಸೇರಿದರೂ ಗ್ರಂಥವು ದೊರೆತಂತಾಗದು.

ತಂತ್ರಾಂಶಕ್ಕೂ ಹೀಗೆ ಎರಡು ರೂಪಗಳಿವೆ. ಮನುಷ್ಯನು ಓದಿ ತಿದ್ದಬಲ್ಲ ಆಕರ ಒಂದು. ಯಂತ್ರಕ್ಕೆ ಮಾತ್ರ ತಿಳಿಯುವ ರೂಪ ಇನ್ನೊಂದು. ಯಂತ್ರರೂಪವನ್ನು ಹಂಚುವವನು ಆಕರವನ್ನೂ ಜೊತೆಗೆ ಕೊಡಬೇಕು, ಇಲ್ಲವೆ ಕೊಡುವುದಾಗಿ ಲಿಖಿತ ವಾಗ್ದಾನ ಮಾಡಬೇಕು ಎಂಬುದು 1991ರ ಎರಡನೆಯ ಆವೃತ್ತಿಯ ಮುಖ್ಯ ಕಟ್ಟಳೆ. ತಿದ್ದಿದವನು ತಾನು ತಿದ್ದಿದ್ದನ್ನೂ ದಿನಾಂಕವನ್ನೂ ಕಾಣುವಂತೆ ನಮೂದಿಸಬೇಕೆಂದೂ ಅದು ವಿಧಿಸುತ್ತದೆ. ಕನ್ನಡ ಲಿಪಿಕಾರರಲ್ಲಿ ಈ ನೇಮವಿದ್ದಿದ್ದರೆ ಗ್ರಂಥಸಂಪಾದಕರ ಶ್ರಮ ಎಷ್ಟೋ ಕಡಿಮೆಯಾಗುತ್ತಿತ್ತು.

ಆದರೆ ಆ ಕಟ್ಟಳೆಯು ಕೊಡುವವನು ಬೇರೆ, ಕೊಳ್ಳುವವನು ಬೇರೆ ಎಂದು ಭಾವಿಸಿತ್ತು. 2001ರಲ್ಲಿ ಬಂದ ಬಿಟ್‌ಟೊರೆಂಟ್ ಪದ್ಧತಿಯಲ್ಲಿ ಕಡತವು ತುಣುಕು ತುಣುಕಾಗಿ ಗಣಕದಿಂದ ಗಣಕಕ್ಕೆ ನೇರವಾಗಿ ಹರಿಯುತ್ತದೆ. ಪಡೆಯುತ್ತಿರುವವನೇ ಆಗಲೇ ಇತರರಿಗೆ ಕೊಡುತ್ತಲೂ ಇರುತ್ತಾನೆ. ಆಕರದ ಸುದ್ದಿಯನ್ನೇ ಅರಿಯದ ಅವನು ತಿಳಿಯದೆ ಕಟ್ಟಳೆ ಮೀರಿದವನಾಗುವನು.

2007ರ ಜೂನ್ 29ರಂದು ಪ್ರಕಟವಾದ ಮೂರನೆಯ ಆವೃತ್ತಿಯು ಈ ತೊಡಕನ್ನು ಎರಡೆಡೆ ಬಿಡಿಸುತ್ತದೆ. ಇಂತಹ ಜಾಲದಲ್ಲಿ ಹಂಚುವವನು ಯಂತ್ರರೂಪವೂ ಆಕರವೂ ಸರ್ವರಿಗೂ ಉಚಿತವಾಗಿ ದೊರೆಯುವ ಎಡೆಯನ್ನು ಇತರರಿಗೆ ತಿಳಿಸಿದರೆ ಸಾಕೆಂದು ಆರನೆಯ ಪ್ರಕರಣ ಹೇಳುತ್ತದೆ. ಪ್ರತಿಯನ್ನು ಪಡೆಯುವ ಕ್ರಿಯೆಯಿಂದ ಮಾತ್ರವೇ ಉಂಟಾಗುವ ಹಂಚಿಕೆಗೆ ಪರವಾನಿಗೆಯ ಅಂಗೀಕಾರ ಬೇಡವೆಂದು ಒಂಬತ್ತನೆಯದು ವಿನಾಯಿತಿ ಕೊಡುತ್ತದೆ.

ಈ ವಿವೇಚನೆ ಪ್ರಶಂಸನೀಯವೇ ಸರಿ. ಆದರೂ ಒಂದು ಶಂಕೆ ಉಳಿಯುತ್ತದೆ. ಪೂರ್ಣಪ್ರತಿ ದೊರೆತ ಮೇಲೂ ಬಹುಕಾಲ ಹಂಚುತ್ತಲೇ ಇರುವವನು ಯಾವ ಪಕ್ಷಕ್ಕೆ ಸೇರಿದವನು? ‘ಮಾತ್ರವೇ’ ಎಂಬ ಪದದ ಎಲ್ಲೆಯನ್ನು ಪಾಠವು ಬಿಡಿಸಿ ಹೇಳಿಲ್ಲ. ಅಂಥವನು ವಿನಾಯಿತಿಯ ಮರೆಹೊಗದೆ ಆರನೆಯ ಪ್ರಕರಣವನ್ನು ಅನುಸರಿಸುವುದೇ ಯುಕ್ತ. ಎಡೆಯನ್ನು ತಿಳಿಸುವುದು ಭಾರವಾದ ಹೊರೆಯಲ್ಲ.

ಯಾದಗಿರಿ, ಶಹಾಪುರ, ಸುರಪುರಗಳ ಹಸ್ತಪ್ರತಿಗಳನ್ನು ಗಣಕಕ್ಕಿಳಿಸಿ ಹಂಚುವವರಿಗೂ ಈ ವಿಧಿ ಮೇಲ್ಪಂಕ್ತಿಯಾಗತಕ್ಕದ್ದು. ಕವಿಯ ಅಂಕಿತವನ್ನು ಉಳಿಸಿದ ಮಾತ್ರಕ್ಕೆ ಅವರ ಋಣ ತೀರದು. ಮೂಲಪ್ರತಿ ಎಲ್ಲಿದೆ, ಯಾರು ಯಾವಾಗ ಎಲ್ಲಿ ತಿದ್ದಿದರು ಎಂಬುದನ್ನೂ ಪ್ರತಿಯೊಡನೆ ಕಳುಹಿಸಿದಾಗಲೇ ಅದು ತೀರುವುದು.